ಗೋಡೆಯೊಳಗಿನ ರೆಕ್ಕೆ ಬಡಿತ

ಹಗರಿಬೊಮ್ಮನಹಳ್ಳಿಯಲ್ಲಿ ನಾನು ನೋಡಿಕೊಳ್ಳುವ ವಾಚನಾಲಯಕ್ಕೆ ಫ್ಯಾನಿಲ್ಲ. ಮಣ್ಣಿನ ಇಟ್ಟಿಗೆಯ ದಪ್ಪ ಗೋಡೆ, ಮಾಳಿಗೆಯ ಮೇಲೆ ಗಾಳಿ ಹಿಡಿಯಲೆಂದೇ ಕಟ್ಟಿದ ಎತ್ತರದ ಗೂಡು. ಅಲ್ಲಿ ಹೊಕ್ಕ ಗಾಳಿ ಗೋಡೆಯೊಳಗಿನ ಪೊಳ್ಳಿನಲ್ಲಿ ಇಳಿದು, ನೆಲದ ಹತ್ತಿರದ ಸಣ್ಣ ಮರದ ಬಾಗಿಲಿನಿಂದ ಹೊರಬರುತ್ತದೆ. ಆ ಬಾಗಿಲನ್ನು ಯಾವ ಹೊತ್ತಿಗೆ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನನಗೆ ಕಲಿಸಿದವರು ಕಟ್ಟಡ ಕಟ್ಟಿದ ಮೇಸ್ತ್ರಿ, ಕೂಡ್ಲಿಗಿಯ ಚಾಚಾ.

ಒಂದು ಬೇಸಿಗೆ ಗೂಡಿನೊಳಗೆ ಪಾರಿವಾಳ ಸೇರಿಕೊಂಡವು. ಮೇಜಿನ ಮೇಲೆಲ್ಲ ಪುಕ್ಕ, ಹಿಕ್ಕೆಯ ನಾತ. ಓದಲು ಬರುವವರು ದಿನಾ ರೇಗುತ್ತಿದ್ದರು. ಚಾಚಾಗೆ ಫೋನ್ ಮಾಡಿದೆ.

"ಎಂಟು ದಿನ ತಡೀರಿ ಅಕ್ಕಾರೆ, ನಾನ ಬಂದು ಜಾಳಿಗಿ ಹಾಕ್ತೀನಿ. ಒಳಗ ಮರಿ ಅದಾವೇನು, ಮೊದ್ಲ ನೋಡ್ರಿ."

ನಾನು ನೋಡಲಿಲ್ಲ. ಮರುದಿನವೇ ವೆಲ್ಡಿಂಗ್‌ನವನನ್ನು ಕರೆಸಿ ಗೂಡಿಗೆ ತಗಡು ಬಡಿಸಿದೆ. ಕೆಳಗಿನ ಬಾಗಿಲಿಗೆ ಚಿಲಕ ಹಾಕಿದೆ.

ಆ ಮಧ್ಯಾಹ್ನ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ಕೇಳಿದಳು: "ಅಕ್ಕಾ, ಗ್ವಾಡಿ ಒಳಗ ಏನೋ ಬಡೀತೈತಲ್ಲ?"

"ತಗಡು ಬಿಸಲಿಗೆ ಹಿಗ್ಗತೈತಿ. ನೀ ಓದ್ಕೊ" ಎಂದೆ. ಅದು ತಗಡಿನ ಸದ್ದಲ್ಲವೆಂದು ನನಗೆ ಗೊತ್ತಿತ್ತು. ಚಿಲಕ ತೆಗೆದರೆ ಮತ್ತೆ ಗಲೀಜು, ಮತ್ತೆ ಮಾತು ಕೇಳಬೇಕು ಎಂದುಕೊಂಡು ಸುಮ್ಮನಿದ್ದೆ. ಮೂರನೆಯ ದಿನ ಸದ್ದು ನಿಂತಿತು. ನನಗೆ ಹಾಯೆನಿಸಿತು.

ಕೋಣೆ ಮಾತ್ರ ಕುದಿಯತೊಡಗಿತು. ಓದುವವರು ಒಬ್ಬೊಬ್ಬರೇ ಎದ್ದು ಹೋದರು. ಹೇಳಿದ ದಿನಕ್ಕೆ ಬಂದ ಚಾಚಾ ಹೊಸ್ತಿಲಲ್ಲೇ ನಿಂತರು. "ಮನಿ ಉಸುರು ಕಟ್ಟೇತಲ್ರಿ" ಎಂದವರು ನೇರವಾಗಿ ಹೋಗಿ ಕೆಳಗಿನ ಬಾಗಿಲು ತೆರೆದರು.

ಎರಡು ದೊಡ್ಡ ಪಾರಿವಾಳ ಅಲ್ಲೇ ಬಿದ್ದಿದ್ದವು, ಸಂದಿಯಿಂದ ಬೆಳಕು ಬೀಳುವ ಕಡೆ. ಹಲಗೆಯ ಒಳಮೈಯಲ್ಲಿ ಕೊಕ್ಕಿನಿಂದ ಕುಕ್ಕಿದ ಗುರುತು. ಮಾಳಿಗೆ ಹತ್ತಿ ತಗಡು ಕಿತ್ತಾಗ ಗೂಡಿನಲ್ಲಿ ಸತ್ತ ಎರಡು ಮರಿ, ಇನ್ನೂ ಪುಕ್ಕ ಬಲಿತಿರಲಿಲ್ಲ.

ಚಾಚಾ ತಮ್ಮ ಟವೆಲಿನಲ್ಲಿ ನಾಲ್ಕನ್ನೂ ಸುತ್ತಿ ಹಿತ್ತಲಲ್ಲಿ ಹೂತರು. ಗೂಡಿನ ಬಾಯಿಗೆ ತಂತಿ ಜಾಳಿಗೆ ಬಿಗಿದರು. ಸಂಜೆಗೆ ತಂಪು ಗಾಳಿ ಇಳಿಯಿತು. ಓದುವವರು ಮರಳಿ ಬಂದು ಅದರೆದುರು ಕಾಲು ಚಾಚಿ ಕೂತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಈಗಲೂ ಬಿರುಬಿಸಿಲಿನ ಮಧ್ಯಾಹ್ನ, ಎಲ್ಲರೂ ಮೌನವಾಗಿ ಓದುವಾಗ, ಗೋಡೆಯೊಳಗೆ ಬಡಿಯುವುದು ಕೇಳುತ್ತದೆ. ಎದ್ದು ಹೋಗಿ ಮೊಣಕಾಲೂರಿ ಕೆಳಗಿನ ಬಾಗಿಲಿನೊಳಗೆ ಕೈಯಾಡಿಸುತ್ತೇನೆ. ಬರೀ ಗಾಳಿ.

"ಈ ಅಕ್ಕಾರು ಎಷ್ಟ್ ಕಾಳಜಿ ಮಾಡ್ತಾರ ನೋಡ್ರಿ" ಎಂದು ಮೊನ್ನೆ ಹೊಸಬರೊಬ್ಬರು ಪಕ್ಕದವರಿಗೆ ಹೇಳಿದರು. ನಾನು ಕೈಯ ದೂಳು ಒರೆಸಿಕೊಂಡು ನನ್ನ ಕುರ್ಚಿಗೆ ಹಿಂದಿರುಗಿದೆ.