ರತ್ನತ್ತೆ ಬರೆದ ಕತ್ತಲ ರಾಜ್ಯ

ಹಾಸನದಲ್ಲಿ ಮೋಟರು ವೈಂಡಿಂಗ್ ಅಂಗಡಿಯ ಮುಂದೆ ಹಾಯುವಾಗ ವಾರ್ನಿಷ್ಷಿನ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಅರಕಲಗೂಡಿನ ಹತ್ತಿರವಿದ್ದ ನಮ್ಮ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಜೊತೆಗೇ ತಲೆ ತಗ್ಗುತ್ತದೆ. ಆ ಮನೆ ಈಗಿಲ್ಲ. ಅಲ್ಲಿ ಅಪ್ಪನ ತಂಗಿ ರತ್ನತ್ತೆ ಮಧ್ಯಾಹ್ನದ ಕೆಲಸ ಮುಗಿಸಿ, ರಾಗಿ ತುಂಬಿದ ಮಣ್ಣಿನ ವಾಡೆಗೆ ಒರಗಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಕಾದಂಬರಿ ಬರೆಯುತ್ತಿದ್ದಳು. ಬರೆದಷ್ಟನ್ನೂ ನನಗೊಬ್ಬಳಿಗೇ ಓದಿ ಹೇಳುತ್ತಿದ್ದಳು. ನಿಮ್ಮ ಬಾಲ್ಯದಲ್ಲೂ ಅಂಥವರೊಬ್ಬರು ಇದ್ದಿರಬಹುದು. ಅತ್ತೆಯ ಕಾದಂಬರಿಯದು ಸೂರ್ಯ ಹುಟ್ಟದ ರಾಜ್ಯ. ಮಂತ್ರಿ ರಾಜನ ನೆರಳನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟುಕೊಂಡು ಅವನನ್ನು ಕುಣಿಸುತ್ತಾನೆ. ಅರಮನೆಯ ಗೋಡೆ ಗೋಡೆಗೂ ಕದ್ದು ಕೇಳುವವರು. ರಾಜನ ತಂಗಿಗೆ ನಂಬಿಕಸ್ಥನೆಂದರೆ ದೀಪ ಹಚ್ಚಲು ಬರುವವನೊಬ್ಬನೇ; ಹೆಬ್ಬೆರಳ ಉಗುರು ಸೀಳಿದ, ಮಾತಾಡುವ ಮುಂಚೆ ಎಡಗಿವಿ ಮುಟ್ಟಿಕೊಳ್ಳುವ ಆಳು. ಹದಿನಾಲ್ಕು ಅಧ್ಯಾಯ ಕಳೆದರೂ ಅವರಿಬ್ಬರು ಎಣ್ಣೆ, ಬತ್ತಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಮದುವೆ ಯಾವಾಗ ಎಂದು ನಾನು ಪೀಡಿಸಿದರೆ ಅತ್ತೆ ನಗುತ್ತಿದ್ದಳು. "ಇರು ಕಣವ್ವ, ಅವಸ್ರ ಮಾಡಬ್ಯಾಡ. ಅವಳಿನ್ನೂ ಅವನ ಮಕ ನೆಟ್ಟಗೆ ನೋಡಿಲ್ಲ. ಇದ್ನ ಯಾರ್ಗೂ ಏಳ್ಬ್ಯಾಡ."

ಹತ್ತು ವರ್ಷದ ನನಗೆ ಹೊಗಳಿಸಿಕೊಳ್ಳುವ ಆಸೆ. ಹೊಳೆನರಸೀಪುರದಿಂದ ದೊಡ್ಡಪ್ಪ ಬಂದಿದ್ದ ದಿನ, ಅತ್ತೆ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಾಗ, ನೋಟ್‌ಬುಕ್ಕು ತಂದು ಎಲ್ಲರೆದುರು ರಾಗವಾಗಿ ಓದಿದೆ. ಮೊದಮೊದಲು ನಕ್ಕರು. ಎಡಗಿವಿಯ ಮಾತು ಬಂದಾಗ ದೊಡ್ಡಪ್ಪ, "ತಡಿಯವ್ವ, ಇನ್ನೊಂದ್ಸಲ ಓದು," ಅಂದರು. ಮೆಚ್ಚಿದರೆಂದುಕೊಂಡು ಇನ್ನೂ ಜೋರಾಗಿ ಓದಿದೆ. ಅವರು ಅಪ್ಪನತ್ತ ತಿರುಗಿ, "ಇದು ಮೋಟ್ರು ಸಿದ್ದರಾಜ ಅಲ್ವೇನ್ಲಾ?" ಎಂದರು. ಸಿದ್ದರಾಜು ನಮ್ಮ ಪಂಪ್‌ಸೆಟ್ಟು ರಿಪೇರಿಗೆ ಬರುತ್ತಿದ್ದವನು, ವಾರ್ನಿಷ್ ವಾಸನೆಯ ಅಂಗಿಯವನು. ಅವನು ಕಿವಿ ಮುಟ್ಟಿಕೊಳ್ಳುವುದನ್ನು ನಾನು ಗಮನಿಸಿಯೇ ಇರಲಿಲ್ಲ. ಅಪ್ಪ ನನ್ನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡರು. ಆಮೇಲೆ ನಮ್ಮ ಮೋಟರಿಗೆ ಬೇರೊಬ್ಬ ಮೆಕ್ಯಾನಿಕ್ ಬಂದ. ಎರಡೇ ತಿಂಗಳಲ್ಲಿ ಅತ್ತೆಯನ್ನು ಚನ್ನರಾಯಪಟ್ಟಣದ, ಹೆಂಡತಿ ಸತ್ತ ಒಬ್ಬರಿಗೆ ಕೊಟ್ಟು ಮದುವೆ ಮಾಡಿದರು. ಅತ್ತೆ ನನ್ನನ್ನು ಬಯ್ಯಲಿಲ್ಲ. ಹೊರಡುವ ಬೆಳಿಗ್ಗೆ ಎಂದಿನಂತೆ ನನಗೆ ಜಡೆ ಹೆಣೆದಳು, ಸ್ವಲ್ಪವೂ ಎಳೆಯದೆ.

ಹೋದ ವರ್ಷ ಅವಳನ್ನು ಹಾಸನದ ಆಸ್ಪತ್ರೆಗೆ ಸೇರಿಸಿದ್ದರು. ದಿನಾ ಹೋಗಿ ಕೂರುತ್ತಿದ್ದೆ. ಆಗಿನ ನಮ್ಮ ಹಸುಗಳ ಹೆಸರು, ನನ್ನ ಮೇಷ್ಟ್ರ ಕೊಡೆಯ ಬಣ್ಣ, ಎಲ್ಲವನ್ನೂ ಹೇಳಿ ನಗುತ್ತಿದ್ದಳು. ಒಂದು ದಿನ ಧೈರ್ಯ ಮಾಡಿ, "ಅತ್ತೆ, ಆ ರಾಜನ ತಂಗಿ ಕೊನೆಗೆ ಏನಾದ್ಲು?" ಎಂದು ಕೇಳಿದೆ. ಕ್ಷಮೆ ಕೇಳಬೇಕೆಂದೇ ಮಾತು ತೆಗೆದಿದ್ದೆ. ಅವಳು ಕಿಟಕಿಯ ಕಡೆ ನೋಡಿದಳು. "ಅದ್ಯಾವ ಕತೆನೋ ಕಣವ್ವ, ನಂಗೊಂದೂ ಗ್ಯಾನ ಇಲ್ಲ. ಮೂಸಂಬಿ ಇದ್ರೆ ಒಂದ್ ಸುಲ್ಕೊಡು."

ನನಗೆ ಹಗುರವಾಯಿತು. ಹತ್ತು ವರ್ಷದವಳಾಗಿ ಮಾಡಿದ್ದಕ್ಕಿಂತ ಆ ಹಗುರಕ್ಕೇ ಈಗ ನಾಚುತ್ತೇನೆ. ಬೀಜ ತೆಗೆದು ಒಂದೊಂದೇ ತೊಳೆಯನ್ನು ಅವಳ ಕೈಗಿಟ್ಟೆ. ಅವಳು ನಿಧಾನವಾಗಿ, ನನ್ನ ಮುಖ ನೋಡದೆ ತಿಂದಳು. ಮೂರನೆಯ ದಿನ ತೀರಿಕೊಂಡಳು.