ಸ್ಪೀಕರ್ ತರಾಕ ಹೋಗಿ ಕಿವಿ ಕಳ್ಕೊಂಡಿದ್ದು

ನನ್ನ ಕಿವಿ ಬಗ್ಗಿ ನಾನೇ ಹೇಳ್ಕೋಬಾರ್ದು. ಆದ್ರ ಬ್ಯಾರೇರು ಯಾರೂ ಹೇಳವಲ್ರು, ಅದಕ್ಕ ಹೇಳ್ತೀನಿ: ತಂಬ್ರಹಳ್ಳ್ಯಾಗ ನನ್ನಂಥ ಕಿವಿ ಇನ್ನೊಂದಿಲ್ಲ. ಓಣ್ಯಾಗ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಸಾಕು, ಯಾರ ಮನ್ಯಾಗ ಸೊಸಿ ಬಡೀತಾಳ, ಯಾರ ಮನ್ಯಾಗ ಅತ್ತಿ ಬಡೀತಾಳ ಅಂತ ಕುಂತಲ್ಲೇ ಹೇಳಿಬಿಡ್ತೀನಿ. ಹೆಂಡತಿ ಕರದದ್ದು ಮಾತ್ರ ಮೂರು ಸಲ ಆಗೋಮಟ ಕೇಳ್ಸಂಗಿಲ್ಲ. ಅದು ಕಿವಿ ತಪ್ಪಲ್ಲ, ನಾನು ಕಷ್ಟಪಟ್ಟು ಕಲ್ತ ವಿದ್ಯಾ.

ಹೋದ ವರ್ಷ ನನ್ನ ಹಳೇ ಸ್ಪೀಕರಿನೊಳಗ ಇಲಿ ಹೊಕ್ಕು, ಕಾಗದದ ಕೋನು ಎರಡೂ ತಿಂದು ಹೋತು. ಹೊಸಾವು ಬೇಕಂದೆ. ಹೆಂಡತಿ ಹತ್ತು ಸಾವಿರ ಕೈಯಾಗಿಟ್ಟು, "ಇದರ ಮ್ಯಾಲೆ ಒಂದ್ ರೂಪಾಯಿ ದಾಟಿದ್ರ ಆ ಸ್ಪೀಕರ್ ಡಬ್ಬ್ಯಾಗೇ ಮಕ್ಕೊಳ್ರಿ, ಮನಿಗೆ ಬರಬ್ಯಾಡ್ರಿ" ಅಂದ್ಲು.

ಜೊತಿಗೆ ನನ್ನ ಗೆಳೆಯನ್ನ ಕರ್ಕೊಂಡೆ. ಸಾಲಿ ಕಾಲದಿಂದ ಜೋಡಿ ನಾವು. ಸೋಮವಾರದ ಭಜನ್ಯಾಗ ನಾನು ಹಾರ್ಮೋನಿಯಂ, ಅವ ತಾಳ. ಈಚೆಗೆ ಅವನ ಕಿವಿ ಮಂದಾಗಿ ಮಿಷಿನ್ ಹಾಕ್ಯಾನ. ಅದು ಬಂದ ಮ್ಯಾಲೆ ನನಗ ಬಂಗಾರದಂಥ ಆಟ ಸಿಕ್ಕಿತು. ಕಟ್ಟಿ ಮ್ಯಾಲೆ ಅವನ ಮುಂದ ಕುಂತು ಬರೇ ಬಾಯಿ ಆಡಸ್ತೀನಿ, ದನಿ ತೆಗೆಯಂಗಿಲ್ಲ. ಅವ ಗಾಬರಿ ಬಿದ್ದು ಮಿಷಿನ್ ಸೌಂಡ್ ಏರಸ್ತಾನ. ಆವಾಗ "ಊಟ ಆತೇನಲೇ!" ಅಂತ ಒದರ್ತೀನಿ. ಕಟ್ಟಿ ಬಿಟ್ಟು ಹಾರ್ತಾನ. ಎಷ್ಟೋ ಸಲ ಮಾಡೀನಿ, ಇನ್ನೂ ಸಿಗ್ತಾನ.

ಹಗರಿಬೊಮ್ಮನಹಳ್ಳಿ ಅಂಗಡ್ಯಾಗ ಎರಡು ಜೋಡಿ ತೋರ್ಸಿದ್ರು. ಒಂದು ನಮ್ಮ ಹತ್ತು ಸಾವಿರದೊಳಗಿಂದು, ಇನ್ನೊಂದು ಅದರ ಮೂರು ಪಟ್ಟು. "ಕಣ್ಣು ಮುಚ್ಕೊಂಡು ಯಾವುದು ಯಾವುದು ಹೇಳ್ತೀನಿ ನೋಡ್ರಿ" ಅಂದೆ. ಗಿರಾಕಿ ಎಲ್ಲಾ ಸುತ್ತ ನಿಂತ್ರು. ಫೋನಿನಾಗಿದ್ದ ನಮ್ಮ ಭಜನಿ ಹಚ್ಚಿಸ್ದೆ. ಅದರ ಕೊನಿಗೆ ಗೆಳೆಯ ತಾಳ ಒಂದು ಏಟು ಹೊಡೀತಾನ. ಹಳೇ ಸ್ಪೀಕರಿನ್ಯಾಗ ಆ 'ಝಣ್' ಗಾಳ್ಯಾಗ ತೇಲಿ ತೇಲಿ ಕರಗ್ತಿತ್ತು.

ಮೊದ್ಲಿಂದು ಹಾಡಿತು. ಹಾರ್ಮೋನಿಯಂ ಬಂತು, ದನಿ ಬಂತು. ತಾಳ ಮಾತ್ರ ಹಲಗಿ ಮ್ಯಾಲೆ ಚಮಚ ಬಡದಂಗ 'ಟಪ್' ಅಂತು. ಎರಡ್ನೇದು ಹಾಡಿತು. ಅದೂ 'ಟಪ್'.

"ಹೇಳ್ರಿ ಅಜ್ಜಾರ, ಯಾವುದು ಯಾವುದು?" ಅಂದ ಅಂಗಡಿಯಾವ.

ನನಗ ಎರಡೂ ಒಂದೇ ಥರ ಕೇಳಿದ್ವು. ಗೆಳೆಯ ಕಿವಿ ಹತ್ರ ಬಂದು ಅಂದ: "ಲೇ, ನನಗ ಡಾಕ್ಟರು ಹೇಳಿದ್ದು ನೆನಪೈತಿಲ್ಲ? ವಯಸ್ಸಾದಂಗ ಮೊದ್ಲು ಹೋಗೋದು ಇಂಥ ಸಣ್ಣ ಸಪ್ಪಳಾನೇ. ನನಗೂ ತಾಳದಿಂದನೇ ಚಾಲೂ ಆತು."

ತಾಳ ಕೇಳಲಿಲ್ಲಂದ್ರ ಹಾರ್ಮೋನಿಯಂ ಹೆಂಗ ನುಡಿಸ್ಲಿ? ಹಾರ್ಮೋನಿಯಂ ಬಿಟ್ರ ಸೋಮವಾರ ಎಲ್ಲಿಗೆ ಹೋಗ್ಲಿ? ಕಣ್ಣು ಬಿಟ್ಟು ನೋಡ್ತೀನಿ, ಅವ ನನ್ನ ಮುಂದ ನಿಂತು ಮಾತಾಡಾಕತ್ಯಾನ. ಬಾಯಿ ಆಡ್ತೈತಿ, ಒಂದಕ್ಷರ ಕೇಳವಲ್ದು!

"ಜೋರಾಗಿ ಅನ್ನಲೇ!" ಅಂತ ಒದರಿದೆ.

ಮಂದಿ ಹೊಟ್ಟಿ ಹಿಡ್ಕೊಂಡು ನಕ್ಕಾಗ ತಿಳೀತು, ನನ್ನ ಆಟ ನನಗೇ ಹಚ್ಯಾನ. ಭೇಷ್ ಅನ್ನಬೇಕು, ಶಿಷ್ಯ ಚಲೋ ತಯಾರಾಗ್ಯಾನ. ಆದ್ರ ನನಗ ನಗಿ ಬರ್ಲಿಲ್ಲ. ಮೋತಿ ತಿರುವಿ, ತುಟ್ಟಿ ಸ್ಪೀಕರಿನ ಮುಖದ ಮ್ಯಾಲೆ ಕೈ ಊರಿದೆ.

ಒಳಗ 'ಚರ ಚರ' ಅಂತು.

"ಏನದು ಸಪ್ಪಳ?"

"ಏನ್ ಸಪ್ಪಳ್ರಿ? ನನಗೇನೂ ಕೇಳ್ಲಿಲ್ಲ" ಅಂದ ಅಂಗಡಿಯಾವ.

ನನಗ ಕೇಳಿತ್ತು! ಮುಂದಿನ ಅರಿವಿ ಜಾಲರಿ ಕಿತ್ತೆ. ಅದರ ಹಿಂದ ಬಿಗಿಯಾಗಿ ಹಚ್ಚಿದ ಪ್ಲಾಸ್ಟಿಕ್ ಹಾಳಿ! ಅಗ್ಗದ ಜೋಡಿದೂ ಕಿತ್ತೆ, ಅಲ್ಲೂ ಹಾಳಿ.

"ಅಯ್ಯ, ನಾನೇ ಹಚ್ಚಿದ್ದೆ, ಮರ್ತಿದ್ದೆ" ಅಂತ ಅಂಗಡಿಯಾವ ತಲಿ ಕೆರಕೊಂಡ. "ನಮ್ಮ ಕಡಿ ಧೂಳು ಗೊತ್ತಲ್ರಿ. ಹಾಳಿ ಇಲ್ಲಂದ್ರ ಮಂದಿ ಹಳೇ ಮಾಲು ಅಂತಾರ."

ಅವನಿಗೆ ಏನನ್ನಾಕ ಬರ್ತೈತಿ? ನಮ್ಮ ಮನಿ ಫ್ರಿಜ್ಜಿನ ಬಾಗಲದ ಪ್ಲಾಸ್ಟಿಕ್ಕೇ ಇನ್ನೂ ಹಂಗ ಐತಿ, ರಿಮೋಟು ಚೀಲದಾಗೈತಿ.

ಹಾಳಿ ಹರದು ಮತ್ತ ಹಚ್ಚಿದ್ರು. ಝಣ್! ತೇಲಿ ತೇಲಿ ಬಂತು. ಎದಿ ಮ್ಯಾಲಿನ ಕಲ್ಲು ಇಳಿಸಿದಂಗಾತು. ಕಣ್ಣು ಮುಚ್ಕೊಂಡು ಎರಡೂ ಜೋಡಿ ಸರಿಯಾಗಿ ಗುರುತಿಸ್ದೆ, ಬೇಕಾದ್ರ ಅಂಗಡ್ಯಾಗ ಕೇಳ್ರಿ. ತುಟ್ಟೀದು ಒಂದ್ಚೂರು ನುಣ್ಣಗಿತ್ತು, ಖರೇ. ಆದ್ರ ಅಗ್ಗದ್ದರಾಗೂ ತಾಳ ಪೂರಾ ಕೇಳ್ತಿತ್ತು. ಅದನ್ನೇ ಕಟ್ಟಿಸ್ದೆ. ಬಸ್ಸಿನಾಗ ಗೆಳೆಯ ಮತ್ತ ಬಾಯಿ ಆಡಿಸ್ದ. "ಬೈದದ್ದು ಕೇಳ್ತು ಬಿಡಲೇ" ಅಂದೆ.

ಮನ್ಯಾಗ ಡಬ್ಬಿ ಇನ್ನೂ ಕೆಳಗಿಟ್ಟಿದ್ದಿಲ್ಲ, ಅಡಿಗಿ ಮನ್ಯಾಗಿಂದ ಹೆಂಡತಿ ಒಂದೇ ಸಲ, ಸಣ್ಣಗ "ಏನ್ರೀ" ಅಂದ್ಲು.

"ಬಂದ್ನೆ" ಅಂದೆ.

ರೊಟ್ಟಿ ಸಪ್ಪಳ ನಿಂತ್ಹೋತು. ಹಿಟ್ಟಿನ ಕೈಲೇ ಹೊರಗ ಬಂದು ನನ್ನ ಹಣಿ ಮುಟ್ಟಿ ನೋಡಿದ್ಲು.

"ಯಾಕ್ರಿ, ಮೈಯಾಗ ಆರಾಮ ಐತಿಲ್ಲೋ?"