ನೀರಿನ ಲಾರಿಯ ಅವ್ವ

ಊಲಾಯು ಮುದುಕಿಗೆ ಹೆಸರುಗಳಿಗೇನೂ ಬರವಿರಲಿಲ್ಲ. ಹುಟ್ಟಿದಾಗ ಅವ್ವ ಇಟ್ಟದ್ದು ಊಲಾಯು. ಪಾದ್ರಿ ತಲೆಗೆ ನೀರು ಚಿಮುಕಿಸಿ ಇಟ್ಟದ್ದು ರೆಬೆಕಾ. ಅದೂ ಸಾಲದೆಂದು ಸರಕಾರ ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿತ್ತು. ಇಷ್ಟೆಲ್ಲ ಇದ್ದೂ ಧ್ರುವದ ಹತ್ತಿರದ ಆ ಹಿಮದೂರಿನಲ್ಲಿ ಆ ಚಳಿಗಾಲ ಅವಳನ್ನು ಬಾಯಿ ತುಂಬ ಕರೆಯುವವರು ಯಾರೂ ಇರಲಿಲ್ಲ. ಗಂಡ ಸತ್ತು ಬಹಳ ಕಾಲವಾಗಿತ್ತು. ಕೆಮ್ಮೆಂದು ದಕ್ಷಿಣದ ಆಸ್ಪತ್ರೆಗೆ ಒಯ್ದ ಎಳೆಯ ಮಗಳು ಮರಳಿ ಬಂದಿರಲಿಲ್ಲ.

ದಿನ ಬಿಟ್ಟು ದಿನ ಮನೆ ಮುಂದೆ ನೀರಿನ ಲಾರಿ ನಿಲ್ಲುತ್ತಿತ್ತು. ಅದನ್ನು ಓಡಿಸುವವನು ಕೂಪಾಕ್, ನಲವತ್ತು ದಾಟಿದ ದಪ್ಪ ಆಳು. ಊಲಾಯುವಿನ ತಾಯಿ ತೀರಿಕೊಂಡ ಮರುಚಳಿಗಾಲ ಹುಟ್ಟಿದವನಾದ್ದರಿಂದ, ಅಲ್ಲಿಯ ರೂಢಿಯಂತೆ, ಸತ್ತ ಆ ತಾಯಿಯ ಹೆಸರೇ ಇವನಿಗೆ ಬಂದಿತ್ತು. ಹೆಸರು ಬಂದ ಮೇಲೆ ಸಂಬಂಧವೂ ಬಂದ ಹಾಗೇ. ತೊಟ್ಟಿಲ ಕೂಸಾಗಿದ್ದಾಗಿನಿಂದ ಊಲಾಯು ಅವನನ್ನು 'ಅವ್ವ' ಎಂದೇ ಕರೆದಳು. ಅವನೂ ಮಾತು ಕಲಿತ ಮೇಲೆ ಬೆರಳಾಡಿಸಿ ಗದರುತ್ತಿದ್ದ: "ಮಗಳೇ, ಟೀಗೆ ಎಷ್ಟು ಸಕ್ಕರೆ ಸುರೀತೀಯೇ!" ದೊಡ್ಡವನಾದ ಮೇಲೂ ಲಾರಿಯ ನೀರು ಮನೆಯ ಟ್ಯಾಂಕಿಗೆ ತುಂಬುವಷ್ಟು ಹೊತ್ತು ಒಳಗೆ ಬಂದು ಕೂತು, ಟೀಯಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದ.

ಹೋದ ಶರತ್ಕಾಲದಲ್ಲಿ ಅವನ ಹೆತ್ತವಳು ಸತ್ತಳು. ಅಂದಿನಿಂದ ಅವನು ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ಪೈಪು ಸಿಕ್ಕಿಸುತ್ತಿದ್ದ, ತುಂಬಿಸುತ್ತಿದ್ದ, ಹೋಗುತ್ತಿದ್ದ. ಊಲಾಯು ಎರಡು ಲೋಟ ಇಟ್ಟು ಕಾಯುತ್ತಿದ್ದಳು. ಒಂದನ್ನು ಹಾಗೇ ಎತ್ತಿಡುತ್ತಿದ್ದಳು.

ಆ ವಾರ ಇಕಾಲುಯಿತ್‌ನಿಂದ ಲೀಟಿಯಾ ಎಂಬ ಸರಕಾರದ ಹೆಂಗಸು ಆ ಸೀಮೆಯ ನಕ್ಷೆ ತಂದಿದ್ದಳು. ಬಿಳಿಯರ ಬಾಯಲ್ಲಿ ಫ್ರೋಬಿಷರ್ ಕೊಲ್ಲಿ ಎನ್ನಿಸಿಕೊಂಡಿದ್ದ ರಾಜಧಾನಿಯೇ ಇಕಾಲುಯಿತ್ ಆಗಿ ಎಷ್ಟೋ ವರ್ಷವಾಗಿತ್ತು. ಈಗ ಸಣ್ಣಪುಟ್ಟ ಕೊಲ್ಲಿ ದಿಬ್ಬಗಳಿಗೂ ಹಳೆಯ ಹೆಸರು ಮರಳುವ ಸರದಿ. ಸಭಾಂಗಣದ ನೆಲದ ಮೇಲೆ ನಕ್ಷೆ ಹಾಸಿದರು. ಮುದುಕರೆಲ್ಲ ಅದರ ಸುತ್ತ ಮಂಡಿಯೂರಿ ಅಂಬೆಗಾಲಿಕ್ಕಿದರು.

"ಈ ವಿಟ್ಕೋಂಬ್ ಪ್ರಭುವಿನ ಕೊಲ್ಲಿ ಅಂತ ಬರ್ದಿದೆಯಲ್ಲ, ಇವ್ನು ನಮ್ಮ ಕೊಲ್ಲೀಲಿ ಒಂದು ಮೀನಾದ್ರೂ ಹಿಡಿದಿದ್ನಾ?" ಎಂದ ಆಯ್‌ಪಿಲಿ ಅಜ್ಜ.

"ಇಲ್ಲಜ್ಜಾ. ಹಡಗಿಗೆ ದುಡ್ಡು ಕೊಟ್ಟಿದ್ನಂತೆ. ಲಂಡನ್ ಬಿಟ್ಟು ಅಲ್ಲಾಡಿಲ್ಲ," ಎಂದಳು ಲೀಟಿಯಾ.

"ಹಂಗಾದ್ರೆ ನಾನೂ ಒಂದು ಸೀಲ್ ಬೇಟೆಯಾಡಿ ಕಳಿಸ್ತೀನಿ, ಲಂಡನ್ನಿಗೆ ನನ್ನ ಹೆಸ್ರಿಡ್ತಾರೇನು ಕೇಳು."

ಎಲ್ಲರೂ ನಕ್ಕರು. ಊಲಾಯು ನಗಲಿಲ್ಲ. ಅವಳು ಹುಟ್ಟಿದ ಬಿಡಾರ ಇದ್ದದ್ದು ಆ ಕೊಲ್ಲಿಯ ದಡದಲ್ಲೇ. ನಕ್ಷೆಯ ಮೇಲೆ ಬೆರಳಿಟ್ಟು, "ಉತಾಕ್ಕಿವಿಕ್," ಎಂದಳು. ಕಾಯುವ ಜಾಗ ಎಂದು ಅದರ ಅರ್ಥ.

ಲೀಟಿಯಾ ಮೆಲ್ಲಗೆ ಕೇಳಿದಳು: "ಆ ಬಿಡಾರದವ್ರು ಇನ್ನೊಬ್ರು ಹೇಳ್ಬೇಕಲ್ಲಜ್ಜೀ. ಒಬ್ರ ಮಾತಿನ ಮೇಲೆ ಬರೆಯೋ ಹಾಗಿಲ್ಲ. ಯಾರಿದಾರೆ?"

ಊಲಾಯು ಸುತ್ತ ನೋಡಿದಳು. ಅಣ್ಣಂದಿರು ಹೋದರು, ಅತ್ತಿಗೆಯರು ಹೋದರು. ಆ ಹೆಸರನ್ನು ಆಡುವ ನಾಲಿಗೆ ಉಳಿದದ್ದು ತನ್ನದೊಂದೇ ಎಂದು ಆಗ ಹೊಳೆಯಿತು.

"ನಮ್ಮವ್ವ ಇದಾಳೆ," ಎಂದಳು. "ನೀರಿನ ಲಾರಿ ಓಡಿಸ್ತಾಳೆ."

ಮುದುಕರು ಹೌದೆಂದು ತಲೆಯಾಡಿಸಿದರು. ಲೀಟಿಯಾಳೂ ಸತ್ತ ಅಜ್ಜಿಯ ಹೆಸರು ಹೊತ್ತವಳೇ. "ಕರ್ಕೊಂಡು ಬನ್ನಿ. ನಾಳೆ ಮಧ್ಯಾಹ್ನ ವಿಮಾನ," ಎಂದಳು.

ಮರುದಿನ ಬೆಳಿಗ್ಗೆ ಲಾರಿ ಬಂದಾಗ ಊಲಾಯು ತುಪ್ಪಳದ ಅಂಗಿ ತೊಟ್ಟು ಗಾಳಿಯಲ್ಲೇ ನಿಂತಿದ್ದಳು. ಕೂಪಾಕ್ ತಲೆಯೆತ್ತದೆ ಪೈಪು ಎಳೆದ. ಅವಳು ವಿಷಯ ಹೇಳಿದಳು.

"ನಾ ಆ ಕೊಲ್ಲೀನೇ ನೋಡಿಲ್ಲ," ಎಂದ.

"ನಂಗೆ ಆ ಹೆಸ್ರು ಹೇಳ್ಕೊಟ್ಟೋಳೇ ನೀನು, ಅವ್ವಾ."

"ಹಂಗನ್ಬೇಡ. ನಂಗಿದ್ದೋಳು ಒಬ್ಳೇ ಅವ್ವ, ಅವ್ಳೂ ಹೋದ್ಳು. ನಾ ಇನ್ಯಾರಿಗೆ ಅವ್ವ ಆಗ್ಲಿ?"

ಊಲಾಯು ಹೇಳಿದಳು: "ನಮ್ಮಪ್ಪ ಸೀಲ್ ಬೇಟೆಗೆ ಹೋದ. ಮಂಜುಗಡ್ಡೆ ಒಡೀತು. ನೀನು ಆ ದಿಬ್ಬದ ಮೇಲೆ ಕೂತು ಅವ್ನ ಕೈಗವಸು ಹೊಲೀತಿದ್ದೆ. ಹೊಲ್ದು ಮುಗೀತು. ಬಿಚ್ಚಿ ಮತ್ತೆ ಹೊಲ್ದೆ. ನಾ ನಿನ್ನ ಬೆನ್ನ ಮೇಲಿದ್ದೆ, ಬೆಚ್ಚಗಿತ್ತು. ಆ ಹೆಸ್ರು ನಾನೊಬ್ಳೇ ಆಡಿದ್ರೆ ಅದು ಹೆಸ್ರಲ್ಲ ಅವ್ವಾ, ಮುದುಕಿ ಗೊಣಗಾಟ."

ಟ್ಯಾಂಕು ತುಂಬಿ ನೀರು ಹೊರಚೆಲ್ಲಿತು. ಗೋಡೆಯ ಮೇಲೇ ಹೆಪ್ಪುಗಟ್ಟಿತು. ಕೂಪಾಕ್ ಬೈದುಕೊಂಡು ಪೈಪು ಕಿತ್ತ. ಲಾರಿ ಹತ್ತಿ ಹೊರಟೇಹೋದ.

ಊಲಾಯು ಒಬ್ಬಳೇ ಸಭಾಂಗಣಕ್ಕೆ ನಡೆದಳು. ಲೀಟಿಯಾ ನಕ್ಷೆ ಸುತ್ತುತ್ತಿದ್ದಳು. ಊಲಾಯುವಿನ ಹಿಂದೆ ಯಾರೂ ಇಲ್ಲದ್ದನ್ನು ಕಂಡಳು. ಕುರ್ಚಿ ಎಳೆದುಕೊಟ್ಟಳು.

ಹೊರಗೆ ಲಾರಿ ನಿಂತ ಸದ್ದಾಯಿತು. ಕೂಪಾಕ್ ಬೂಟಿನ ಹಿಮವನ್ನೂ ಒದರದೆ ಬಂದು ಬಾಗಿಲಲ್ಲೇ ನಿಂತ. ಗಡ್ಡದಲ್ಲಿ ಮಂಜು ಕಟ್ಟಿತ್ತು.

"ಉತಾಕ್ಕಿವಿಕ್," ಎಂದ. "ಅಲ್ಲಿ ನಾನು ಕಾದಿದ್ದೆ. ಅವ್ನು ಬರ್ಲಿಲ್ಲ."

ಲೀಟಿಯಾ ನಕ್ಷೆ ಬಿಚ್ಚಿ ಬರೆದುಕೊಂಡಳು. ಅವನು ಊಲಾಯುವಿನ ಕಡೆ ನೋಡಲೂ ಇಲ್ಲ. ಉಳಿದ ಮನೆಗಳ ಟ್ಯಾಂಕುಗಳು ಖಾಲಿಯಿದ್ದವು; ಲಾರಿ ಹತ್ತಿ ಹೋದ.

ಅಂದು ಅವನು ಟೀಗೆ ಬರಲಿಲ್ಲ. ಮುಂದಿನ ಸರದಿಗೂ ಒಳಗೆ ಬರಲಿಲ್ಲ. ಊಲಾಯು ಎರಡನೆಯ ಲೋಟ ಎತ್ತಿಡಲು ಎದ್ದಾಗ ಬಾಗಿಲು ತುಸು ತೆರೆಯಿತು. ಚಳಿಗಾಳಿ ನುಗ್ಗಿತು, ಅದರೊಂದಿಗೆ ಒರಟು ದನಿ:

"ಮಗಳೇ, ನೀರು ತುಂಬಿದೆ."

ಬಾಗಿಲು ಮುಚ್ಚಿಕೊಂಡಿತು. ಊಲಾಯು ಲೋಟವನ್ನು ಅಲ್ಲೇ ಇರಗೊಟ್ಟಳು.